ಮನೆಯ ಮಾಳಿಗೆಯಿಂದ ಗ್ರಿಡ್‌ಗೆ: ಸಣ್ಣ ಸೌರ ಘಟಕಗಳ ಜೋಡಣೆಯಲ್ಲಿ ಗ್ರಾಮ ಪಂಚಾಯಿತಿ ತಿಳಿದಿರಬೇಕಾದ ಸಂಗತಿಗಳು

(ಗ್ರಾಮ ಪಂಚಾಯಿತಿ ಅಧ್ಯಕ್ಷರು, ಸದಸ್ಯರು, ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು ಹಾಗೂ ಕಾರ್ಯದರ್ಶಿಗಳ ಅಧ್ಯಯನಕ್ಕಾಗಿ)

ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯ ವಿಷಯ ಗ್ರಾಮಸಭೆಯಲ್ಲಿ ಮಂಡನೆಯಾದಾಗ ಸಹಾಯಧನ ಎಷ್ಟು, ಸಾಲ ಯಾವ ಬ್ಯಾಂಕಿನಲ್ಲಿ ದೊರೆಯುತ್ತದೆ, ಫಲಕ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯನ್ನು ಬಹುಮಂದಿ ಕೇಳುವುದಿಲ್ಲ; ಅದರ ಉತ್ತರ ತಮಗೆ ಗೊತ್ತಿದೆಯೆಂದೇ ಅವರು ನಂಬಿರುತ್ತಾರೆ. ಊರಿನ ಕರೆಂಟ್ ಹೋದಾಗ, ಮಾಳಿಗೆಯ ಮೇಲೆ ಸೌರ ಫಲಕವಿರುವ ಮನೆಯಲ್ಲಿ ದೀಪ ಉರಿಯುತ್ತದೆಯೇ? ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿಯಿಲ್ಲದ ಸಾಮಾನ್ಯ ಘಟಕವಾದರೆ ಉರಿಯುವುದಿಲ್ಲ. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದರೂ ಉರಿಯುವುದಿಲ್ಲ.

ಒಂದೂವರೆ ಎರಡು ಲಕ್ಷ ರೂಪಾಯಿ ಹೂಡಿದ ಕುಟುಂಬಕ್ಕೆ ಈ ಸಂಗತಿ ಮೊದಲ ಲೋಡ್ ಶೆಡ್ಡಿಂಗ್‌ನ ದಿನ ತಿಳಿದರೆ ಅದು ಮೋಸ ಹೋದಂತೆ ಭಾವಿಸುವುದು ಸಹಜ. ಆ ಬೇಸರವೂ ಅಷ್ಟು ದೊಡ್ಡದಲ್ಲ. ಅದರ ಬೆನ್ನಿಗೆ ಬರುವ ದುಡುಕೇ ಅಪಾಯಕಾರಿ: ಊರಿನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಕರೆಂಟ್ ಹೋದಾಗಲೂ ಸೋಲಾರ್ ನಡೆಯುವಂತೆ ಒಂದು ವೈರು ಎಳೆಸಿಕೊಳ್ಳುವ ಯೋಚನೆ. ಆ ಒಂದು ವೈರು ಕಂಬದ ಮೇಲಿರುವ ಮಾರ್ಗದಾಳುವಿನ ಪ್ರಾಣ ತೆಗೆಯಬಲ್ಲದು. ಆದ್ದರಿಂದ ಅರ್ಜಿಗೆ ಸಹಿ ಬೀಳುವ ಮೊದಲೇ ಈ ವಿಷಯವನ್ನು ವಿವರಿಸುವುದು ಗ್ರಾಮ ಪಂಚಾಯಿತಿಯ ಕರ್ತವ್ಯವೆಂದು ಭಾವಿಸತಕ್ಕದ್ದು.

ಎರಡು ಬಗೆಯ ಸೋಲಾರ್

ಜನರ ತಪ್ಪು ತಿಳಿವಳಿಕೆಗೆ ಸಕಾರಣವಿದೆ. ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ಮೊದಲು ಬಂದದ್ದು ಬ್ಯಾಟರಿಯ ಜೊತೆಯಲ್ಲಿ. 1995ರಲ್ಲಿ ಆರಂಭವಾದ ಸೆಲ್ಕೋ ಮುಂತಾದ ಸಂಸ್ಥೆಗಳು ತಂತಿ ತಲುಪದ ಒಂಟಿ ಮನೆಗಳಿಗೆ ಒಂದು ಸಣ್ಣ ಫಲಕ, ಒಂದು ಬ್ಯಾಟರಿ, ಎರಡು ಅಥವಾ ನಾಲ್ಕು ದೀಪಗಳ ವ್ಯವಸ್ಥೆಯನ್ನು ಒದಗಿಸಿದವು. ಅಲ್ಲಿ ಹಗಲು ಸಂಗ್ರಹವಾದ ವಿದ್ಯುತ್ತು ರಾತ್ರಿ ದೀಪವಾಗುತ್ತಿತ್ತು. ಕಂಬದ ಕರೆಂಟಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ‘ಸೋಲಾರ್ ಇದ್ದರೆ ಕರೆಂಟ್ ಹೋದರೂ ಚಿಂತೆಯಿಲ್ಲ’ ಎಂಬ ಮಾತು ಹುಟ್ಟಿದ್ದು ಆ ಅನುಭವದಿಂದ, ಮತ್ತು ಆ ವ್ಯವಸ್ಥೆಯ ಮಟ್ಟಿಗೆ ಅದು ಸತ್ಯವೇ.

ಗ್ರಿಡ್‌ಗೆ ಜೋಡಿಸಿದ ಘಟಕದ ಸ್ವಭಾವ ಬೇರೆ. ಅದರಲ್ಲಿ ಸಂಗ್ರಹವಿಲ್ಲ. ಫಲಕಗಳಿಂದ ಬರುವ ಡಿ.ಸಿ. ವಿದ್ಯುತ್ತನ್ನು ಇನ್ವರ್ಟರ್ 230 ವೋಲ್ಟಿನ, ಸೆಕೆಂಡಿಗೆ 50 ಆವರ್ತನದ ಎ.ಸಿ. ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಮನೆಗೆ ಬೇಕಾದಷ್ಟು ಮನೆಯಲ್ಲೇ ಖರ್ಚಾಗುತ್ತದೆ. ಮಿಕ್ಕದ್ದು ಸರ್ವಿಸ್ ವೈರಿನ ಮೂಲಕ ಕಂಬಕ್ಕೆ ಹೋಗಿ ಪಕ್ಕದ ಮನೆಯ ಮಿಕ್ಸಿಯನ್ನೋ ಹಿಟ್ಟಿನ ಗಿರಣಿಯನ್ನೋ ನಡೆಸುತ್ತದೆ. ರಾತ್ರಿ ಎಂದಿನಂತೆ ಕಂಬದಿಂದಲೇ ಕರೆಂಟು. ಇಡೀ ಊರಿನ ತಂತಿಯೇ ಇಲ್ಲಿ ಬ್ಯಾಟರಿಯ ಕೆಲಸ ಮಾಡುತ್ತದೆ.

ಇಂತಹ ಇನ್ವರ್ಟರ್ ತಾನೇ ತಾಳ ಹಾಕುವುದಿಲ್ಲ. ಗ್ರಿಡ್‌ನ ತಾಳಕ್ಕೆ ಹೆಜ್ಜೆ ಕೂಡಿಸುತ್ತದೆ. ಜಾತ್ರೆಯಲ್ಲಿ ಸಾವಿರ ಜನ ತೇರಿನ ಹಗ್ಗ ಹಿಡಿದು ಎಳೆಯುವಾಗ ನಡುವೆ ಬಂದು ಕೈಗೂಡಿಸಿದವನಂತೆ ಅದು ವರ್ತಿಸುತ್ತದೆ. ತೇರಿನ ವೇಗವನ್ನು ಅವನೊಬ್ಬನು ನಿರ್ಧರಿಸಲಾರನು. ಈಗ ಅವನು ಆಗಾಗ ಹಗ್ಗವನ್ನು ಒಂದು ಕಡೆಗೆ ತುಸು ಜಗ್ಗಿ ನೋಡುತ್ತಾನೆಂದು ಭಾವಿಸಬಹುದು. ಸಾವಿರ ಜನ ಹಿಡಿದಿರುವ ತನಕ ಹಗ್ಗ ಕದಲುವುದಿಲ್ಲ. ಎಂದಾದರೂ ಅವನ ಜಗ್ಗಿಗೆ ಹಗ್ಗ ಸರಕ್ಕನೆ ಸರಿದುಬಂದರೆ, ಉಳಿದವರೆಲ್ಲ ಕೈಬಿಟ್ಟಿದ್ದಾರೆ ಎಂದೇ ಅರ್ಥ. ಇನ್ವರ್ಟರ್ ಕೂಡ ಆವರ್ತನವನ್ನು ಹೀಗೆಯೇ ಅತ್ಯಲ್ಪವಾಗಿ ಜಗ್ಗಿ ಪರೀಕ್ಷಿಸುತ್ತಿರುತ್ತದೆ. ಗ್ರಿಡ್ ಇದ್ದಾಗ ಆವರ್ತನ ಅಲುಗುವುದಿಲ್ಲ. ಗ್ರಿಡ್ ಇಲ್ಲವಾದ ಕ್ಷಣ ಅದು ಮಿತಿಯಾಚೆ ಜಾರುತ್ತದೆ ಮತ್ತು ಎರಡು ಸೆಕೆಂಡಿನೊಳಗೆ ಇನ್ವರ್ಟರ್ ತನ್ನನ್ನು ತಾನೇ ಕಡಿದುಕೊಳ್ಳುತ್ತದೆ. ಕರೆಂಟ್ ಮರಳಿದ ಮೇಲೂ ಕೂಡಲೇ ಸೇರುವುದಿಲ್ಲ. ವೋಲ್ಟೇಜು ಮತ್ತು ಆವರ್ತನ ಕನಿಷ್ಠ ಒಂದು ನಿಮಿಷ ಸ್ಥಿರವಾಗಿರುವುದನ್ನು ನೋಡಿಕೊಂಡು ಅನಂತರ ಸೇರುತ್ತದೆ. ‘ಕರೆಂಟ್ ಬಂದರೂ ಸೋಲಾರ್ ಶುರುವಾಗಿಲ್ಲ’ ಎಂದು ಆ ಒಂದು ನಿಮಿಷದಲ್ಲೇ ಫೋನು ಮಾಡುವವರಿಗೆ ಇದನ್ನು ತಿಳಿಸಿದರೆ ಸಾಕು.

ಕಂಬದ ಮೇಲಿರುವವನ ಲೆಕ್ಕ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದಂದಿನಿಂದ ಈ ನಾಡಿನ ತಂತಿಗಳಲ್ಲಿ ಅದು ಒಂದೇ ದಿಕ್ಕಿಗೆ, ಉತ್ಪಾದನಾ ಕೇಂದ್ರದಿಂದ ಬಳಕೆದಾರನ ಕಡೆಗೆ ಸಾಗಿದೆ. ಮಾರ್ಗದಾಳುಗಳ ಸುರಕ್ಷತೆಯ ಅಭ್ಯಾಸಗಳೂ ಆ ನಂಬಿಕೆಯ ಮೇಲೆಯೇ ರೂಢಿಯಾಗಿವೆ: ಮೇಲಿನಿಂದ ಕಡಿದರೆ ಕೆಳಗಿನದು ಸತ್ತಿರುತ್ತದೆ. ಲೈನ್ ಕ್ಲಿಯರ್ ಪಡೆಯುವುದು, ಜಿ.ಒ.ಎಸ್. ತೆರೆಯುವುದು, ಟಿ.ಸಿ.ಯ ಫ್ಯೂಸ್ ತೆಗೆಯುವುದು ಎಲ್ಲವೂ ಮೇಲಿನಿಂದ ಬರುವ ವಿದ್ಯುತ್ತನ್ನು ತಡೆಯುವ ಕ್ರಮಗಳು. ಮಾಳಿಗೆಯ ಸೋಲಾರ್ ಈ ನಂಬಿಕೆಯನ್ನು ತಲೆಕೆಳಗು ಮಾಡುತ್ತದೆ. ವಿದ್ಯುತ್ತು ಈಗ ಕೆಳಗಿನಿಂದಲೂ ಬರಬಲ್ಲದು.

ಕೆಳಗಿನಿಂದ ಬಂದರೆ ಎಷ್ಟು ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಊರಿನ ಟಿ.ಸಿ. 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತದೆ. ಪರಿವರ್ತಕಕ್ಕೆ ದಿಕ್ಕಿನ ಭೇದವಿಲ್ಲ. ಇಳಿಸುವ ಯಂತ್ರವೇ ಹಿಂದುಮುಂದಾಗಿ ಏರಿಸುತ್ತದೆ. 433 ವೋಲ್ಟಿನ ಮೂರು ಫೇಸಿನಲ್ಲಿ ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 250 ವೋಲ್ಟು. ಅದಕ್ಕೆದುರಾಗಿ ಮೇಲಿನ ಸುರುಳಿಯಲ್ಲಿ 11,000. ಎಂದರೆ 44 ಪಟ್ಟು. ಒಂದು ಮನೆಯಿಂದ 230 ವೋಲ್ಟು ಹಿಮ್ಮುಖವಾಗಿ ಟಿ.ಸಿ.ಗೆ ತಲುಪಿದರೆ ಆಚೆ ಬದಿಯಲ್ಲಿ ಹತ್ತು ಸಾವಿರ ವೋಲ್ಟು ಹುಟ್ಟುತ್ತದೆ.

ಮೂರು ಕಿಲೋವ್ಯಾಟಿನ ಸಣ್ಣ ಇನ್ವರ್ಟರಿಗೆ ಇಡೀ ಊರಿನ ಹೊರೆ ಹೊರಲಾಗದು, ಅದು ಕುಸಿದು ಬೀಳುತ್ತದೆ ಎಂದು ಕೆಲವರು ವಾದಿಸುವುದುಂಟು. ಸಾಮಾನ್ಯವಾಗಿ ಅದು ನಿಜ. ಆದರೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದಾಗ ಊರು ಇಡಿಯಾಗಿ ಉಳಿದಿರುವುದಿಲ್ಲ. ತುಂಡಾದ ತಂತಿಯ ತುದಿಯಲ್ಲಿ ಸೋಲಾರ್ ಇರುವ ಒಂದು ತೋಟದ ಮನೆ ಮತ್ತು ಅದರ ಪಕ್ಕದ ಬೀಗ ಹಾಕಿದ ಮನೆ ಮಾತ್ರ ಇದ್ದರೆ, ಹೊರಲು ಹೊರೆಯೇ ಇರುವುದಿಲ್ಲ. ಅಂತಹ ಕಡೆಯೇ ಮಾರ್ಗದಾಳು ತಂತಿ ಜೋಡಿಸಲು ಕೈ ಹಾಕುವುದು. ಟಿ.ಸಿ.ಯ ಫ್ಯೂಸ್ ಅವನ ಜೇಬಿನಲ್ಲಿದ್ದರೂ ಆ ತುಂಡು ತಂತಿಯಲ್ಲಿ 230 ವೋಲ್ಟು ಇರಬಲ್ಲದು. ಪ್ರಾಣಕ್ಕೆ ಅಷ್ಟು ಸಾಕು. ಹತ್ತು ಸಾವಿರ ಬೇಕಿಲ್ಲ.

ಇನ್ವರ್ಟರಿನ ಸ್ವಯಂ ಕಡಿತ ಇರುವುದು ಈ ಕಾರಣಕ್ಕೆ. ಪ್ರಮಾಣಿತ ಇನ್ವರ್ಟರುಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೇ ಬಂದಿರುತ್ತವೆ, ಅವುಗಳಿಂದ ಅಪಾಯವಿಲ್ಲ. ಅಪಾಯವಿರುವುದು ಅನಂತರ ಮಾಡುವ ತಿದ್ದುಪಡಿಯಲ್ಲಿ. ಬ್ಯಾಟರಿಯ ಹಳೆಯ ಯು.ಪಿ.ಎಸ್. ಅನ್ನು ಗ್ರಿಡ್ ಇನ್ವರ್ಟರಿನ ತಂತಿಗೆ ಕೊಟ್ಟು ‘ಗ್ರಿಡ್ ಇದೆ’ ಎಂದು ಅದನ್ನು ನಂಬಿಸುವುದು, ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಜನರೇಟರನ್ನು ಪ್ಲಗ್ಗಿನ ಮೂಲಕ ಮನೆಗೆ ಕೊಡುವುದು ಇವು ಅಂತಹ ತಿದ್ದುಪಡಿಗಳು. ಎರಡನೆಯದು ಸೋಲಾರ್ ಇಲ್ಲದ ಮನೆಗಳಲ್ಲಿಯೂ, ಮದುವೆ ಚಪ್ಪರಗಳಲ್ಲಿಯೂ ನಡೆಯುತ್ತದೆ ಎಂಬುದು ಎಲ್ಲರಿಗೂ ತಿಳಿದ ಗುಟ್ಟು.

ಕರೆಂಟ್ ಹೋದಾಗಲೂ ದೀಪ ಬೇಕೆಂಬ ಕುಟುಂಬಕ್ಕೆ ಸರಿಯಾದ ದಾರಿ ಇದೆ. ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಅಳವಡಿಸಿದರೆ, ಗ್ರಿಡ್ ಹೋದ ಕೂಡಲೇ ಅದು ಮನೆಯನ್ನು ಕಂಬದಿಂದ ಪೂರ್ತಿ ಬೇರ್ಪಡಿಸಿ, ಆಯ್ದ ಕೆಲವು ದೀಪ, ಫ್ಯಾನುಗಳನ್ನು ಮಾತ್ರ ನಡೆಸುತ್ತದೆ. ಖರ್ಚು ಗಣನೀಯವಾಗಿ ಹೆಚ್ಚುತ್ತದೆ; ಸಹಾಯಧನ ಫಲಕದ ಸಾಮರ್ಥ್ಯಕ್ಕೆ ದೊರೆಯುತ್ತದೆಯೇ ಹೊರತು ಬ್ಯಾಟರಿಗೆ ಪ್ರತ್ಯೇಕವಾಗಿ ದೊರೆಯುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿ ಬದಲಿಸುವ ಖರ್ಚೂ ಇದೆ. ದಿನಕ್ಕೆ ಒಂದೆರಡು ಗಂಟೆ ಕರೆಂಟ್ ಹೋಗುವ ಊರಿನಲ್ಲಿ ಎರಡು ಚಾರ್ಜಿಂಗ್ ದೀಪಗಳೇ ಸಾಕಾಗಬಹುದು. ಉಸಿರಾಟದ ಯಂತ್ರ ಬಳಸುವ ರೋಗಿಯಿರುವ ಮನೆಯ ಲೆಕ್ಕ ಬೇರೆ. ಅಲ್ಲಿ ಬ್ಯಾಟರಿ ಅನಿವಾರ್ಯ.

ಮಧ್ಯಾಹ್ನ ಏರುವ ವೋಲ್ಟೇಜು

ಹಳ್ಳಿಯ ತುದಿಮನೆಯವರಿಗೆ ಕಡಿಮೆ ವೋಲ್ಟೇಜಿನ ಕಷ್ಟ ಚಿರಪರಿಚಿತ. ಸೋಲಾರ್ ಬಂದ ಮೇಲೆ ಅದೇ ಮನೆಗಳಲ್ಲಿ ತದ್ವಿರುದ್ಧವಾದ ದೂರು ಹುಟ್ಟುತ್ತದೆ: ಬೆಳಿಗ್ಗೆ ಸರಿಯಾಗಿ ನಡೆಯುವ ಇನ್ವರ್ಟರ್ ಹನ್ನೆರಡು ಗಂಟೆಯ ಹೊತ್ತಿಗೆ ನಿಂತುಹೋಗುತ್ತದೆ, ಸ್ವಲ್ಪ ಹೊತ್ತಿಗೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಯಂತ್ರ ಕೆಟ್ಟಿದೆಯೆಂದು ಮನೆಯವರು ಕಂಪನಿಗೆ ದೂರುತ್ತಾರೆ. ಕಂಪನಿಯವರು ಬಂದು ನೋಡಿ ಯಂತ್ರ ಸರಿಯಿದೆ ಎಂದು ಹೋಗುತ್ತಾರೆ. ಇಬ್ಬರ ಮಾತೂ ಸತ್ಯ.

ನಡೆಯುವುದು ಇಷ್ಟು. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ, ವಿದ್ಯುತ್ತು ಮನೆಯಿಂದ ಕಂಬದತ್ತ ಹರಿಯಬೇಕಾದರೆ ಮನೆಯ ವೋಲ್ಟೇಜು ಕಂಬದ್ದಕ್ಕಿಂತ ಹೆಚ್ಚಿರಬೇಕು. ತಂತಿ ತೆಳುವಾದಷ್ಟೂ ಉದ್ದವಾದಷ್ಟೂ ಈ ಏರಿಕೆ ಹೆಚ್ಚು. ಹಳೆಯ ಮಾರ್ಗಗಳಲ್ಲಿರುವ ವೀಸಲ್ ತಂತಿಗೆ ಕಿಲೋಮೀಟರಿಗೆ ಸುಮಾರು 0.91 ಓಮ್ ಪ್ರತಿರೋಧ. ಟಿ.ಸಿ.ಯಿಂದ 400 ಮೀಟರ್ ದೂರದ ಮನೆಗೆ ಫೇಸ್ ಮತ್ತು ನ್ಯೂಟ್ರಲ್ ಸೇರಿ 800 ಮೀಟರ್ ತಂತಿ, ಪ್ರತಿರೋಧ 0.73 ಓಮ್. ಮೂರು ಕಿಲೋವ್ಯಾಟಿನ ಘಟಕ ಮಧ್ಯಾಹ್ನ ಕೊಡುವುದು ಸುಮಾರು 13 ಆಂಪಿಯರ್. ಏರಿಕೆ ಒಂಬತ್ತೂವರೆ ವೋಲ್ಟು. ಒಂದೇ ಮನೆಯಾದರೆ ತೊಂದರೆಯಿಲ್ಲ. ಅದೇ ತುದಿಯಲ್ಲಿ ಅದೇ ಫೇಸಿಗೆ ಅಣ್ಣತಮ್ಮಂದಿರ ಮೂರು ಮನೆಗಳು ಸೋಲಾರ್ ಹಾಕಿಸಿದರೆ ಏರಿಕೆ 28 ವೋಲ್ಟು, ಟಿ.ಸಿ.ಯಲ್ಲಿ 230 ಇದ್ದದ್ದು ಅಲ್ಲಿ 258 ಆಗುತ್ತದೆ. ಇನ್ವರ್ಟರ್ 253 ವೋಲ್ಟಿನ ಆಸುಪಾಸಿನಲ್ಲಿ, ಅಂದರೆ 230ರ ಶೇಕಡಾ 110ರಲ್ಲಿ, ಕಡಿದುಕೊಳ್ಳುವಂತೆ ಹೊಂದಿಸಿರುತ್ತದೆ. ಮನೆಯ ಟಿ.ವಿ., ಫ್ರಿಜ್ಜುಗಳಿಗೂ ಆ ವೋಲ್ಟೇಜು ಹಿತವಲ್ಲ.

ಈ ಮೂರು ಮನೆಗಳನ್ನು ಮೂರು ಬೇರೆ ಬೇರೆ ಫೇಸಿಗೆ ಹಂಚಿದರೆ ಏನಾಗುತ್ತದೆ? ಮೂರೂ ಸಮನಾಗಿದ್ದಾಗ ನ್ಯೂಟ್ರಲ್‌ನಲ್ಲಿ ಕರೆಂಟು ಪರಸ್ಪರ ಕಳೆದುಹೋಗುತ್ತದೆ. ಏರಿಕೆ ಒಂದೊಂದು ಫೇಸಿನಲ್ಲೂ ಐದು ವೋಲ್ಟಿಗಿಂತ ಕಡಿಮೆ. ಇಪ್ಪತ್ತೆಂಟು ಎಲ್ಲಿ, ಐದು ಎಲ್ಲಿ! ಖರ್ಚಾಗುವುದು ಮಾರ್ಗದಾಳುವಿನ ಅರ್ಧ ದಿನದ ಕೆಲಸ ಮಾತ್ರ. ಈ ಬದಲಾವಣೆಯನ್ನು ಎಸ್ಕಾಂ ಸಿಬ್ಬಂದಿಯೇ ಮಾಡತಕ್ಕದ್ದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಅದಕ್ಕೂ ಬಗ್ಗದಿದ್ದಲ್ಲಿ ದಪ್ಪ ತಂತಿ, ಟಿ.ಸಿ.ಯ ಟ್ಯಾಪ್ ಬದಲಾವಣೆ ಅಥವಾ ಹೊಸ ಟಿ.ಸಿ.ಯ ಪ್ರಶ್ನೆ ಬರುತ್ತದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿಯಂತೆ 5 ಕಿಲೋವ್ಯಾಟ್‌ವರೆಗಿನ ಮಾಳಿಗೆ ಸೌರ ಘಟಕಕ್ಕೆ ಮಾರ್ಗ ಬಲಪಡಿಸಬೇಕಾಗಿ ಬಂದರೆ ಆ ಖರ್ಚು ವಿತರಣಾ ಕಂಪನಿಯದು. ಗ್ರಾಹಕರಿಂದ ವಸೂಲು ಮಾಡುವಂತಿಲ್ಲ. ಅದೇ ತಿದ್ದುಪಡಿಯಲ್ಲಿ 10 ಕಿಲೋವ್ಯಾಟ್‌ವರೆಗಿನ ಅರ್ಜಿಗಳಿಗೆ ತಾಂತ್ರಿಕ ಸಾಧ್ಯತಾ ಪರಿಶೀಲನೆಯನ್ನು ಕೈಬಿಡಲಾಗಿದೆ. ಗ್ರಾಹಕರಿಗೆ ಇದರಿಂದ ಅಲೆದಾಟ ತಪ್ಪಿತು, ಒಳ್ಳೆಯದೇ. ಆದರೆ ತುದಿಮನೆಗಳ ಸ್ಥಿತಿಯನ್ನು ಮುಂಚಿತವಾಗಿ ನೋಡುವ ಒಂದು ಕಣ್ಣೂ ಅದರೊಂದಿಗೆ ಕಡಿಮೆಯಾಯಿತು. ಆ ಕಣ್ಣು ಈಗ ಊರಿನೊಳಗೇ ಇರಬೇಕು.

ಪಂಚಾಯಿತಿಯ ಕೈಯಲ್ಲೇ ಇರುವ ಒಂದು ಉಪಾಯ ಹೆಚ್ಚಿನವರಿಗೆ ಹೊಳೆದಿಲ್ಲ. ಮಧ್ಯಾಹ್ನ ಊರಿನ ಮನೆಗಳಲ್ಲಿ ಬಳಕೆ ಕಡಿಮೆ. ಹಿರಿಯರು ಹೊಲದಲ್ಲಿ, ಮಕ್ಕಳು ಶಾಲೆಯಲ್ಲಿ. ಅದೇ ಹೊತ್ತಿಗೆ ಸೌರ ಉತ್ಪಾದನೆ ಅತಿ ಹೆಚ್ಚು. ಆ ಸಮಯದಲ್ಲಿ ಊರೊಳಗೇ ಒಂದು ಹೊರೆ ಇದ್ದರೆ ವೋಲ್ಟೇಜು ಏರುವುದಿಲ್ಲ. ಕುಡಿಯುವ ನೀರಿನ ಕೊಳವೆಬಾವಿಯ 5 ಅಶ್ವಶಕ್ತಿಯ ಪಂಪು ಸುಮಾರು ನಾಲ್ಕೂವರೆ ಕಿಲೋವ್ಯಾಟ್ ಎಳೆಯುತ್ತದೆ. ಬೆಳಿಗ್ಗೆ ಆರಕ್ಕೆ ಮೋಟಾರು ಹಾಕಿ ಆಗಲೇ ನಲ್ಲಿಗೆ ಬಿಡುವುದು ಬಹಳ ಕಡೆ ನೀರಗಂಟಿಗಳ ರೂಢಿ. ಓವರ್‌ಹೆಡ್ ಟ್ಯಾಂಕ್ ಇರುವಲ್ಲಿ ನೀರು ಬಿಡುವ ಹೊತ್ತೂ ಟ್ಯಾಂಕ್ ತುಂಬಿಸುವ ಹೊತ್ತೂ ಒಂದೇ ಆಗಬೇಕೆಂದೇನೂ ಇಲ್ಲ. ಪಂಪು ಮನೆಗಳ ಟಿ.ಸಿ.ಯ ಮೇಲೆಯೇ ಇದ್ದು, ಆ ಮಾರ್ಗಕ್ಕೆ ಹಗಲು ಮೂರು ಫೇಸ್ ವಿದ್ಯುತ್ತು ದೊರೆಯುವಂತಿದ್ದರೆ, ಹನ್ನೊಂದರಿಂದ ಎರಡರವರೆಗೆ ಟ್ಯಾಂಕ್ ತುಂಬಿಸಿ ಮರುದಿನ ಬೆಳಿಗ್ಗೆ ನೀರು ಬಿಡಬಹುದು. ಪಂಪು ನೀರಾವರಿ ಮಾರ್ಗದಲ್ಲಿದ್ದರೆ ಈ ಉಪಾಯ ನಡೆಯದು.

ಯಾರಿಗೆ ಲಾಭ, ಯಾರಿಗೆ ಇಲ್ಲ

ನೆಟ್ ಮೀಟರಿಂಗ್ ಎಂಬುದನ್ನು ಹಾಲಿನ ಡೇರಿಯ ಲೆಕ್ಕಕ್ಕೆ ಹೋಲಿಸಿದರೆ ಜನರಿಗೆ ಬೇಗ ತಿಳಿಯುತ್ತದೆ. ರೈತ ಡೇರಿಗೆ ಹಾಲು ಹಾಕುತ್ತಾನೆ, ಅಲ್ಲಿಂದಲೇ ಪಶು ಆಹಾರ ತರುತ್ತಾನೆ. ಬಟವಾಡೆಯ ದಿನ ಎರಡನ್ನೂ ಕಳೆದು ಉಳಿದದ್ದು ಕೈಗೆ. ಇಲ್ಲಿ ಹೊಸ ಮೀಟರು ಕಂಬದಿಂದ ಬಂದ ಯೂನಿಟ್ಟುಗಳನ್ನೂ ಕಂಬಕ್ಕೆ ಹೋದ ಯೂನಿಟ್ಟುಗಳನ್ನೂ ಬೇರೆ ಬೇರೆಯಾಗಿ ಬರೆದಿಡುತ್ತದೆ, ಮತ್ತು ಬಿಲ್ಲು ವ್ಯತ್ಯಾಸಕ್ಕೆ ಬರುತ್ತದೆ. ನಿಗದಿತ ಶುಲ್ಕ ಮಾತ್ರ ಮಂಜೂರಾದ ಹೊರೆಗೆ ತಕ್ಕಂತೆ ಇದ್ದೇ ಇರುತ್ತದೆ. ಹೆಚ್ಚುವರಿ ಯೂನಿಟ್ಟಿಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸುವ ದರ ದೊರೆಯುತ್ತದೆ. ಅದನ್ನೇ ನಂಬಿ ಬೇಕಾದದ್ದಕ್ಕಿಂತ ದೊಡ್ಡ ಘಟಕ ಹಾಕಿಸುವುದು ಜಾಣತನವಲ್ಲ.

ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು ನೂರು ಚದರ ಅಡಿ ಜಾಗ ಬೇಕು. ರಾಜ್ಯದ ಬಹುಭಾಗದಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ದೊರೆಯುತ್ತದೆ; ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಇದು ಬಹಳ ಇಳಿಯುತ್ತದೆ. ತೆಂಗಿನ ಒಂದು ಗರಿಯ ನೆರಳು ಬಿದ್ದರೂ ಸಾಲಾಗಿ ಜೋಡಿಸಿದ ಫಲಕಗಳ ಉತ್ಪಾದನೆ ಕುಗ್ಗುತ್ತದೆ. ಸಹಾಯಧನ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅದಕ್ಕಿಂತ ದೊಡ್ಡ ಘಟಕಕ್ಕೂ ಒಟ್ಟು 78,000 ರೂಪಾಯಿಯೇ ಮಿತಿ.

ಇನ್ನು ಸ್ಪಷ್ಟವಾಗಿ ಹೇಳಬೇಕಾದ ಮಾತು. ಗೃಹಜ್ಯೋತಿಯಡಿ ತಿಂಗಳಿಗೆ ಅರವತ್ತು ಯೂನಿಟ್ ಬಳಸಿ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಗೆ ಸೋಲಾರ್‌ನಿಂದ ಇಂದು ಉಳಿಯುವ ಹಣವಿಲ್ಲ. ಸಾಲದ ಕಂತು ಮಾತ್ರ ಹೊಸದಾಗಿ ಸೇರುತ್ತದೆ. ಪ್ರತಿ ಘಟಕಕ್ಕೆ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನ ನೀಡುವ ಅವಕಾಶ ಈ ಯೋಜನೆಯಲ್ಲಿದೆ. ಆ ಸಾವಿರಕ್ಕಾಗಿಯೋ ಗುರಿ ತುಂಬಿಸುವುದಕ್ಕಾಗಿಯೋ ಅಂತಹ ಮನೆಯನ್ನು ಸಾಲಕ್ಕೆ ದೂಡುವುದು ಸಲ್ಲದು. ಇನ್ನೂರು ಯೂನಿಟ್ಟಿನ ಮಿತಿ ದಾಟಿ ಪೂರ್ತಿ ಬಿಲ್ಲು ಕಟ್ಟುವ ಕುಟುಂಬಗಳು, ಅಂಗಡಿ ಮತ್ತು ಮನೆ ಒಂದೇ ಸೂರಿನಡಿ ಇರುವವರು, ಹಗಲು ಹೊತ್ತಿನಲ್ಲಿ ಹೊಲಿಗೆ ಯಂತ್ರ ನಡೆಸುವವರು ಇವರನ್ನು ಮೊದಲು ಗುರುತಿಸುವುದು ನ್ಯಾಯ. ಅಂಗಡಿಯ ಸಂಪರ್ಕ ವಾಣಿಜ್ಯ ವರ್ಗದ್ದಾಗಿದ್ದರೆ ವಸತಿ ಸಹಾಯಧನ ಅನ್ವಯಿಸುವುದಿಲ್ಲ ಎಂಬುದನ್ನೂ ತಿಳಿಸಬೇಕು.

ಅರ್ಜಿಗಳು ಹೆಚ್ಚಾಗಿ ನಿಲ್ಲುವುದು ತಂತ್ರಜ್ಞಾನದ ಕಾರಣಕ್ಕಲ್ಲ, ಹೆಸರಿನ ಕಾರಣಕ್ಕೆ. ಆರ್.ಆರ್. ಸಂಖ್ಯೆ ಗತಿಸಿದ ತಾತನ ಹೆಸರಿನಲ್ಲಿ, ಇ-ಸ್ವತ್ತು ತಂದೆಯ ಹೆಸರಿನಲ್ಲಿ, ಬ್ಯಾಂಕ್ ಖಾತೆ ಮಗನ ಹೆಸರಿನಲ್ಲಿ. ಸಹಾಯಧನ ಗ್ರಾಹಕರ ಖಾತೆಗೇ ಜಮೆಯಾಗಬೇಕಾದ್ದರಿಂದ ಈ ಮೂರೂ ಹೊಂದದಿದ್ದರೆ ಹಣ ತಡೆಯಾಗುತ್ತದೆ, ಅಷ್ಟರಲ್ಲಿ ಸಾಲದ ಬಡ್ಡಿ ಓಡುತ್ತಿರುತ್ತದೆ. ಫಲಕ ಏರಿಸುವ ಮೊದಲೇ ಮೀಟರಿನ ಹೆಸರು ಬದಲಾವಣೆಗೆ ಬೇಕಾದ ದಾಖಲೆಗಳನ್ನು ವಿಳಂಬವಿಲ್ಲದೆ ಒದಗಿಸುವುದು ಪಂಚಾಯಿತಿ ಕಚೇರಿಯಿಂದಲೇ ಆಗಬಹುದಾದ ಕೆಲಸ.

ದಾಖಲೆಯ ಪುಸ್ತಕ

ಫಲಕಗಳ ಕುರಿತು ಒಂದು ಎಚ್ಚರಿಕೆ ಉಳಿದಿದೆ. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೂ, ಇನ್ವರ್ಟರ್ ನಿಂತಿದ್ದರೂ, ಬಿಸಿಲು ಇರುವ ತನಕ ಫಲಕದಿಂದ ಇನ್ವರ್ಟರ್‌ವರೆಗಿನ ಡಿ.ಸಿ. ತಂತಿಯಲ್ಲಿ ವೋಲ್ಟೇಜು ಇದ್ದೇ ಇರುತ್ತದೆ. ಆರು ಫಲಕಗಳು ಸಾಲಿನಲ್ಲಿದ್ದರೆ ಅದು ಮುನ್ನೂರು ವೋಲ್ಟಿನ ಸಮೀಪ. ಬೆಂಕಿ ಬಿದ್ದಾಗ ಮೇನ್ ಆಫ್ ಆಗಿದೆಯೆಂದು ಧೈರ್ಯದಿಂದ ಕೊಡದಿಂದ ನೀರೆರಚುವುದು ಅಪಾಯ. ಫಲಕ ತೊಳೆಯುವುದಿದ್ದರೆ ಸೂರ್ಯ ಏರುವ ಮುನ್ನ ತೊಳೆಯಬೇಕು. ಬಿಸಿ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಸಾಧ್ಯತೆಯೂ ಇದೆ. ಡಿ.ಸಿ. ಬದಿಗೆ, ಎ.ಸಿ. ಬದಿಗೆ ಮತ್ತು ಸಿಡಿಲು ನಿರೋಧಕಕ್ಕೆ ಪ್ರತ್ಯೇಕ ಅರ್ಥಿಂಗ್ ಗುಂಡಿಗಳಿವೆಯೇ ಎಂದು ನೋಡುವುದು ಯಾರಿಗಾದರೂ ಸಾಧ್ಯ; ಮೂರು ಗುಂಡಿಗಳನ್ನು ಎಣಿಸಿದರೆ ಆಯಿತು.

ಪ್ರತಿ ಗ್ರಾಮ ಪಂಚಾಯಿತಿಯೂ ಸೌರ ಘಟಕಗಳಿಗಾಗಿ ಒಂದು ಸಣ್ಣ ವಹಿ ಇಡುವುದು ಅಪೇಕ್ಷಣೀಯ. ಟಿ.ಸಿ.ವಾರು ಪುಟ, ಪುಟದಲ್ಲಿ ಮನೆಯ ಆರ್.ಆರ್. ಸಂಖ್ಯೆ, ಕಂಬದ ಸಂಖ್ಯೆ, ಯಾವ ಫೇಸ್, ಎಷ್ಟು ಕಿಲೋವ್ಯಾಟ್, ಬ್ಯಾಟರಿ ಇದೆಯೇ ಇಲ್ಲವೇ, ಹೊರಗಿನಿಂದ ಕಡಿಯುವ ಸ್ವಿಚ್ಚು ಮನೆಯ ಯಾವ ಗೋಡೆಯ ಮೇಲಿದೆ ಎಂಬ ವಿವರ. ಒಂದೇ ಟಿ.ಸಿ.ಯ ಒಂದೇ ಫೇಸಿನಲ್ಲಿ ಎರಡನೆಯ ಮನೆ ಸೇರಿದಾಗಲೇ ಶಾಖಾಧಿಕಾರಿಗೆ ಪತ್ರ ಬರೆಯಲು ಈ ಪುಟ ಆಧಾರವಾಗುತ್ತದೆ. ಜನರೇಟರ್ ಇರುವ ಮನೆ, ಕಲ್ಯಾಣಮಂಟಪಗಳನ್ನೂ ಅದೇ ಪುಟದ ಕೊನೆಯಲ್ಲಿ ಬರೆಯಬೇಕು. ವಹಿಯ ಒಂದು ಪ್ರತಿ ಎಸ್ಕಾಂ ಶಾಖಾ ಕಚೇರಿಗೆ, ಇನ್ನೊಂದು ಆ ಊರಿನ ಮಾರ್ಗದಾಳುವಿನ ಕೈಗೆ. ಮುಂಗಾರಿಗೆ ಮುನ್ನ, ಮೇ ತಿಂಗಳಿನಲ್ಲಿ ಅದನ್ನು ಮನೆಮನೆಗೆ ಹೋಗಿ ತಾಳೆ ನೋಡಿ, ವ್ಯತ್ಯಾಸವಿದ್ದಲ್ಲಿ ತಿದ್ದಿ, ದಿನಾಂಕ ಸಹಿತ ಸಹಿ ಮಾಡಿ ಮಾರ್ಗದಾಳುವಿಗೆ ಹೊಸ ಪ್ರತಿ ತಲುಪಿಸತಕ್ಕದ್ದು.